ನಿಮ್ಮ ನಕ್ಷೆಯ ಕೆಂಪು ಗುರುತು ನಮ್ಮ ಅಂಗಡಿ ಬಾಗಿಲಲ್ಲಿ ಬಿದ್ದಿದೆ

ಗೆ,
ಕಾರ್ಯಕ್ರಮಗಳ ವಿವರ ಪ್ರಕಟಿಸಿ ಟಿಕೆಟ್ ಮಾರುವ ಜಾಲತಾಣಗಳ ವ್ಯವಸ್ಥಾಪಕರಿಗೆ,
ಕೊಡಗಿನಲ್ಲಿ ಮೇಳ, ಓಟ, ಸಂಗೀತ, ಶಿಬಿರ ಏರ್ಪಡಿಸುವ ಸಂಘಟಕರಿಗೆ.

ವಿಷಯ: ಕಾರ್ಯಕ್ರಮ ನಡೆಯುವ ಸ್ಥಳದ ವಿಳಾಸ ಮತ್ತು ನಕ್ಷೆಯನ್ನು ಸರಿಯಾಗಿ ತೋರಿಸುವ ಬಗ್ಗೆ.

ಮಾನ್ಯರೇ,

ನಾನು ವಿರಾಜಪೇಟೆ ತಾಲ್ಲೂಕಿನ ಒಂದು ಹಳ್ಳಿಯ ಶಾಖಾ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಪೋಸ್ಟ್‌ಮಾಸ್ಟರ್ ಆಗಿದ್ದವನು. ಈಗ ಮಗನ ದಿನಸಿ ಅಂಗಡಿಯಲ್ಲಿ ಕೂರುತ್ತೇನೆ. ಮೂರು ರಸ್ತೆ ಸೇರುವ ಜಂಕ್ಷನ್ನಿನಲ್ಲಿ ಅಂಗಡಿ, ಎದುರಿಗೆ ಬಸ್ ತಂಗುದಾಣ, ಪಕ್ಕದಲ್ಲಿ ನ್ಯಾಯಬೆಲೆ ಅಂಗಡಿ, ಹಿಂದೆ ಕಾಫಿ ತೋಟ. ನಮ್ಮೂರಿನ ಪೇಟೆ ಎಂದರೆ ಇಷ್ಟೇ. ನಾಲ್ಕೈದು ವರ್ಷಗಳಿಂದ ನಿಮ್ಮ ನಕ್ಷೆಗಳ ಕೆಂಪು ಗುರುತು ಈ ಅಂಗಡಿಯ ಬಾಗಿಲಿಗೇ ಬಂದು ಬೀಳುತ್ತಿರುವುದರಿಂದ ಈ ಪತ್ರ ಬರೆಯಬೇಕಾಯಿತು.

ತೋಟದ ಬಂಗಲೆಯಲ್ಲಿ ಸಂಗೀತವಿರಲಿ, ಹೊಳೆ ದಂಡೆಯಲ್ಲಿ ಮಕ್ಕಳ ಶಿಬಿರವಿರಲಿ, ಬೆಟ್ಟದ ಬುಡದಿಂದ ಹೊರಡುವ ಓಟವಿರಲಿ, ನಿಮ್ಮ ಪುಟದಲ್ಲಿ ನಮ್ಮೂರಿನ ಹೆಸರು ಬಂದರೆ ಸಾಕು, ಕಾರುಗಳು ನಮ್ಮ ಜಗಲಿ ಮುಂದೆ ಸಾಲುಗಟ್ಟುತ್ತವೆ. ನೀವು ತಲುಪಿದ್ದೀರಿ ಎಂದು ಫೋನಿನೊಳಗಿನ ದನಿ ಹೇಳುತ್ತದೆ. ಇಳಿದವರಿಗೆ ಕಾಣುವುದು ಅಕ್ಕಿ ಮೂಟೆ, ಬಾಳೆಗೊನೆ ಮತ್ತು ನಾನು. 'ಅಂಕಲ್, ಪ್ರೋಗ್ರಾಮ್ ಇಲ್ಲೇನಾ?' ಎಂದು ಕೇಳುತ್ತಾರೆ. ಇಲ್ಲ ಎಂದರೆ ಒಮ್ಮೆ ನನ್ನನ್ನೂ ಒಮ್ಮೆ ಫೋನನ್ನೂ ನೋಡುತ್ತಾರೆ. ಬಹಳ ಮಂದಿ ಫೋನನ್ನೇ ನಂಬುತ್ತಾರೆ ಎನ್ನುವುದನ್ನೂ ಹೇಳಿಬಿಡಬೇಕು. ನೀರಿನ ಬಾಟಲಿ, ಚಿಪ್ಸು ಖರ್ಚಾಗುವುದರಿಂದ ಮಗನಿಗೆ ಬೇಸರವಿಲ್ಲ. ಬೇಸರ ನನಗೆ.

ಬೇಸರ ಏಕೆ ಎಂದು ತಿಳಿಯಬೇಕಾದರೆ ಎರಡು ವರ್ಷದ ಹಿಂದಿನ ಒಂದು ಡಿಸೆಂಬರ್ ಶನಿವಾರದ ಸಂಗತಿ ಕೇಳಬೇಕು. ಅಂದು ನಾವು ನೆಂಟರ ಮದುವೆಗೆಂದು ಮಧ್ಯಾಹ್ನವೇ ಅಂಗಡಿಗೆ ಬೀಗ ಹಾಕಿ ಹೋಗಿದ್ದೆವು. ರಾತ್ರಿ ಒಂಬತ್ತರ ಹೊತ್ತಿಗೆ ಮರಳಿದಾಗ ತಂಗುದಾಣದ ಎದುರು ಮೈಸೂರು ನೋಂದಣಿಯ ಕಾರೊಂದು ನಿಂತಿತ್ತು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಹಿಂದಿನ ಸೀಟಿನಲ್ಲಿ ಎಂಬತ್ತರ ಆಸುಪಾಸಿನ ಅಜ್ಜಿ. ಒಂದು ತೋಟದಲ್ಲಿ ನಡೆಯುವ ಸಂಗೀತ ಸಂಜೆಗೆ ಐದು ಟಿಕೆಟ್ ಕೊಂಡು ಬಂದವರು. ಆರೂವರೆಗೆ ಇಲ್ಲಿಗೆ ತಲುಪಿದ್ದಾರೆ. ಗುರುತು ನಮ್ಮ ಅಂಗಡಿಯ ಮುಂದೆ, ಅಂಗಡಿಗೆ ಬೀಗ. ಕೇಳಲು ಯಾರೂ ಸಿಗದೆ ತೋಟದ ಹೆಸರನ್ನು ಫೋನಿನಲ್ಲಿ ಹುಡುಕಿದ್ದಾರೆ. ಅದು ಅದೇ ಹೆಸರಿನ ಇನ್ನೊಂದು ತೋಟವನ್ನು ತೋರಿಸಿದೆ. ಆ ದಾರಿ ಮರ ಸಾಗಿಸಲು ಮಾಡಿದ ಕೂಪ್ ರಸ್ತೆ. ಆ ವಾರವಿಡೀ ಅಲ್ಲಿ ಆನೆಗಳು ಬೀಡುಬಿಟ್ಟಿದ್ದವು, ಕೆಲಸದವರು ನಾಲ್ಕು ಗಂಟೆಗೇ ತಮ್ಮ ಸಾಲುಮನೆಗಳಾದ ಲೈನ್ ಮನೆ ಸೇರಿಕೊಳ್ಳುತ್ತಿದ್ದರು. ಕಾರಿನ ಬೆಳಕು ಕಂಡು ಲೈನಿನವರು ಟಾರ್ಚ್ ಬೀಸಿ ತಡೆದಿದ್ದಾರೆ. ತಿರುಗಿಸಲು ಜಾಗವಿಲ್ಲದೆ ಅಷ್ಟು ದೂರವನ್ನೂ ಹಿಮ್ಮುಖವಾಗಿಯೇ ಬಂದಿದ್ದಾರೆ. ಯಾರಿಗೂ ಏನೂ ಆಗಲಿಲ್ಲ. ನಮ್ಮ ಮನೆಯಲ್ಲಿ ಕಾಫಿ ಕುಡಿದು ಹೊರಡುವಾಗ ಆ ಅಜ್ಜಿ, 'ಕಾರ್ಯಕ್ರಮ ಮುಗೀತೇನಪ್ಪಾ?' ಎಂದು ಮಗನನ್ನು ಕೇಳಿದರು. ಮುಗಿದಿತ್ತು. ನಡೆದದ್ದು ನಮ್ಮ ಜಂಕ್ಷನ್ನಿನಿಂದ ಎಡಕ್ಕೆ ಕೇವಲ ನಾಲ್ಕು ಕಿಲೋಮೀಟರ್ ದೂರದಲ್ಲಿ.

ಮರುದಿನ ನಾನು ಆ ಪುಟವನ್ನು ತೆರೆಸಿ ನೋಡಿದೆ. ತೋಟದ ಹೆಸರು, ಊರಿನ ಹೆಸರು, ಪಿನ್‌ಕೋಡ್, ಆಮೇಲೆ 'ಕೂರ್ಗ್, ಕರ್ನಾಟಕ'. ಕೆಳಗೆ ನಕ್ಷೆ, ನಕ್ಷೆಯಲ್ಲಿ ನಮ್ಮ ಅಂಗಡಿ. ಮೈಸೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ತಂಗಿಯ ಮಗ ಇದರ ಗುಟ್ಟು ಬಿಡಿಸಿ ಹೇಳಿದ. ವಿಳಾಸವನ್ನು ಬರೆದು ಕೊಟ್ಟರೆ ಯಂತ್ರ ಅದನ್ನು ಅಕ್ಷಾಂಶ ರೇಖಾಂಶಗಳಾಗಿ ಬದಲಿಸಲು ನೋಡುತ್ತದಂತೆ. ತೋಟದ ಹೆಸರು ತಿಳಿಯದಿದ್ದರೆ ಊರಿನ ನಡುವನ್ನು ಹಿಡಿಯುತ್ತದೆ, ಊರೂ ತಿಳಿಯದಿದ್ದರೆ ಪಿನ್‌ಕೋಡಿನ ನಡುವನ್ನು, ಅದೂ ಆಗದಿದ್ದರೆ ಜಿಲ್ಲೆಯ ನಡುವನ್ನು. ಯಂತ್ರ ಹೀಗೆ ಹಿಂದೆ ಹಿಂದೆ ಸರಿಯುವುದರಲ್ಲಿ ತಪ್ಪು ಹುಡುಕಲಾರೆ. ನಾವೂ ಗೊತ್ತಿಲ್ಲದ ವಿಳಾಸದ ಕಾಗದ ಬಂದರೆ ಮೊದಲು ಊರು, ಆಮೇಲೆ ಅಂಚೆ, ಆಮೇಲೆ ತಾಲ್ಲೂಕು ಎಂದೇ ನೋಡುತ್ತಿದ್ದೆವು. ಆದರೆ ಹಾಗೆ ಸರಿದದ್ದನ್ನು ನಿಮ್ಮ ಪುಟ ಯಾರಿಗೂ ಹೇಳುವುದಿಲ್ಲ. ಗೇಟಿನ ಮುಂದೆ ನಿಂತು ಇಟ್ಟ ಗುರುತೂ ಅದೇ ಕೆಂಪು, ಗೊತ್ತಾಗದೆ ಅಂದಾಜಿಗೆ ಇಟ್ಟದ್ದೂ ಅದೇ ಕೆಂಪು. ನೋಡುವವನಿಗೆ ಎರಡರ ವ್ಯತ್ಯಾಸ ತಿಳಿಯುವುದು ಹೇಗೆ ಸ್ವಾಮಿ?

ಅಂಚೆಯವನಾಗಿ ಒಂದು ಮಾತು ಹೇಳುತ್ತೇನೆ. ಅಂಚೆ ವಿಳಾಸ ಬೇರೆ, ದಾರಿ ಬೇರೆ. ಮನೆತನದ ಹೆಸರು, 'ಗ್ರಾಮ ಮತ್ತು ಅಂಚೆ' ಎಂದು ಊರು, ಆಮೇಲೆ ತಾಲ್ಲೂಕು, ಇಷ್ಟು ಬರೆದರೆ ಕೊಡಗಿನ ಯಾವ ಮೂಲೆಗಾದರೂ ಕಾಗದ ತಲುಪುತ್ತಿತ್ತು, ಈಗಲೂ ತಲುಪುತ್ತದೆ. ಅದಕ್ಕೆ ವಿಳಾಸ ಪೂರ್ಣವಾಗಿದ್ದದ್ದು ಕಾರಣವಲ್ಲ. ಕೊನೆಯಲ್ಲಿ ಒಬ್ಬ ಪೋಸ್ಟ್‌ಮ್ಯಾನ್ ಇದ್ದ. ಯಾವ ಮನೆತನದ ಎಷ್ಟನೆಯ ಮನೆ, ಯಾವ ಗದ್ದೆಯ ಆಚೆ ದಂಡೆ, ಮಳೆಗಾಲದಲ್ಲಿ ಯಾವ ಕಾಲುಸಂಕ ಮುಳುಗುತ್ತದೆ ಎಂಬುದೆಲ್ಲ ಅವನ ತಲೆಯಲ್ಲಿತ್ತು. ವಿಳಾಸದಲ್ಲಿ ಇಲ್ಲದ ಅರ್ಧಭಾಗ ಅವನೇ ಆಗಿದ್ದ. ನೀವು ಆ ಅಂಚೆ ವಿಳಾಸವನ್ನೇ ಎತ್ತಿ ಪುಟಕ್ಕೆ ಹಾಕಿ ಅತಿಥಿಗಳನ್ನು ಕರೆಯುತ್ತೀರಿ. ಅತಿಥಿಯ ಜೊತೆಗೆ ಪೋಸ್ಟ್‌ಮ್ಯಾನ್ ಬರುವುದಿಲ್ಲ.

ಪಿನ್‌ಕೋಡ್ ಇದೆಯಲ್ಲ ಎನ್ನಬೇಡಿ. 1972ರ ಆಗಸ್ಟ್ 15ರಂದು ಅದು ಜಾರಿಗೆ ಬಂದದ್ದು ಕಾಗದಗಳ ವಿಂಗಡಣೆ ಸುಲಭವಾಗಲಿ ಎಂದು. ನಮ್ಮ 571 ಎಂಬ ಮೊದಲ ಮೂರಂಕಿ ಕೊಡಗಿಗೆ ಮಾತ್ರ ಸೇರಿದ್ದಲ್ಲ, ಮಂಡ್ಯ, ಚಾಮರಾಜನಗರದ ಕಡೆಗೂ ಅದೇ. 571218 ಎಂದು ಬರೆದರೆ ವಿರಾಜಪೇಟೆ ಪಟ್ಟಣವೂ ಆಯಿತು, ಸುತ್ತಲಿನ ಹತ್ತಾರು ಹಳ್ಳಿಗಳೂ ಆದವು. ಅದು ಕಾಗದದ ಚೀಲ ಯಾವ ಕಚೇರಿಗೆ ಹೋಗಬೇಕು ಎಂದು ಹೇಳುತ್ತದೆಯೇ ಹೊರತು ಕಾರು ಯಾವ ಗೇಟಿನಲ್ಲಿ ತಿರುಗಬೇಕು ಎಂದು ಹೇಳುವುದಿಲ್ಲ.

ತಪ್ಪು ಸಂಘಟಕರದ್ದು, ಅವರು ತುಂಬಿದ್ದನ್ನೇ ನಾವು ತೋರಿಸುತ್ತೇವೆ ಎಂದು ನೀವು ಹೇಳಬಹುದು. ಅವರು ತುಂಬುವುದನ್ನೂ ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ನಮ್ಮ ಯುವಕ ಸಂಘದವರು ಕ್ರೀಡಾಕೂಟಕ್ಕೆ ಒಂದು ಜಾಲತಾಣದಲ್ಲಿ ಹೆಸರು ನೋಂದಾಯಿಸಲು ಕೂತಿದ್ದರು. 'ಬೀದಿ' ಎಂಬ ಅಂಕಣ ಕಡ್ಡಾಯ. ನಮ್ಮಲ್ಲಿ ಬೀದಿ ಎಲ್ಲಿದೆ? ಮನೆಯಿಂದ ಮನೆಗೆ ಅರ್ಧ ಕಿಲೋಮೀಟರು, ನಡುವೆ ತೋಟ. ಹುಡುಗ ಅಲ್ಲಿ ಒಂದು ಗೀಟು ಎಳೆದ, ಪುಟ ಒಪ್ಪಲಿಲ್ಲ. ಕೊನೆಗೆ 'ಮೇನ್ ರೋಡ್' ಎಂದು ಬರೆದ. ಆಮೇಲೆ ಪಟ್ಟಿಯಿಂದ 'ನಗರ' ಆರಿಸಬೇಕು. ಮಡಿಕೇರಿ ಇರಲಿಲ್ಲ, ವಿರಾಜಪೇಟೆ ಇರಲಿಲ್ಲ, ಹತ್ತಿರದ್ದೆಂದು ಮೈಸೂರು ಆರಿಸಿದ. ನಕ್ಷೆಯಲ್ಲಿ ಸ್ಥಳವನ್ನು ಬೆರಳಿನಿಂದ ಎಳೆದು ಇಡುವ ಅವಕಾಶ ಎಲ್ಲಿಯೂ ಕೊಡಲಿಲ್ಲ. ನಮ್ಮ ಕ್ರೀಡಾಕೂಟ ಹೀಗೆ ಮೈಸೂರಿನ ಮೇನ್ ರೋಡಿನಲ್ಲಿ ನಡೆಯಿತು. ನಿಮ್ಮ ಅರ್ಜಿ ನಮೂನೆ ಮಾಡಿದವರು ಅಡ್ಡರಸ್ತೆ, ಮುಖ್ಯರಸ್ತೆ, ಬ್ಲಾಕು ಇರುವ ಬಡಾವಣೆಯಲ್ಲೇ ಹುಟ್ಟಿ ಬೆಳೆದವರಿರಬೇಕು.

ಇನ್ನು ಹೆಸರುಗಳ ಗೊಂದಲ. ಕೊಡಗಿನ ಹೊರಗಿನವರಿಗೆ ಇದು ಗೊತ್ತಿರುವ ಸಾಧ್ಯತೆ ಕಡಿಮೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ದಕ್ಷಿಣ ಕೊಡಗಿನಲ್ಲಿ ಬಿ. ಶೆಟ್ಟಿಗೇರಿ ಇದೆ, ಟಿ. ಶೆಟ್ಟಿಗೇರಿಯೂ ಇದೆ. ಊರವರು ಆ ಒಂದಕ್ಷರವನ್ನು ಎಂದೂ ಬಿಡುವುದಿಲ್ಲ, ನಿಮ್ಮ ಪುಟ ಬಿಡುತ್ತದೆ. ಸಿದ್ದಾಪುರ ಎಂದರೆ ನಮಗೆ ಕಾವೇರಿ ದಂಡೆಯ ಸಿದ್ದಾಪುರ, ಉತ್ತರ ಕನ್ನಡದವರಿಗೆ ಅವರ ತಾಲ್ಲೂಕು ಕೇಂದ್ರ. ಬಲಮುರಿಯಂತೂ ಇನ್ನೂ ಸೊಗಸು. ಮೂರ್ನಾಡು ಕಡೆಯ ಬಲಮುರಿಯೂ ಕಾವೇರಿ ದಂಡೆಯಲ್ಲಿದೆ, ಶ್ರೀರಂಗಪಟ್ಟಣದ ಹತ್ತಿರದ ಬಲಮುರಿಯೂ ಕಾವೇರಿ ದಂಡೆಯಲ್ಲಿದೆ. ನದಿಯ ಹೆಸರು ಸೇರಿಸಿದರೂ ಪ್ರಯೋಜನವಿಲ್ಲ! ತೀರ್ಥೋದ್ಭವದ ಸಮಯದಲ್ಲಿ ನಮ್ಮ ಕಡೆಯ ಬಲಮುರಿಗೆ ಹೊರಟ ನನ್ನ ಪರಿಚಯದವರೊಬ್ಬರು ಫೋನ್ ಹೇಳಿದಂತೆ ಹೋಗಿ ಮಂಡ್ಯ ಜಿಲ್ಲೆಯ ನೀರಿನಲ್ಲಿ ಕಾಲಾಡಿಸಿ ಬಂದರು. ಅವರು ಅದನ್ನು ನಗುತ್ತಲೇ ಹೇಳುತ್ತಾರೆ. ಆ ದಿನವೇ ಮುಗಿಸಬೇಕಾದ ಕಾರ್ಯವಿದ್ದವರು ನಗಲಾರರು.

ಮದುವೆ ಕಾಲದಲ್ಲಿ 'ಕೊಡವ ಸಮಾಜ' ಎಂದಷ್ಟೇ ಹಾಕಿದರೆ ಯಾವ ಊರಿನದ್ದು? ಮಡಿಕೇರಿಯಲ್ಲಿದೆ, ವಿರಾಜಪೇಟೆಯಲ್ಲಿದೆ, ಪೊನ್ನಂಪೇಟೆಯಲ್ಲಿದೆ, ಮೈಸೂರಿನಲ್ಲಿದೆ, ಬೆಂಗಳೂರಿನ ವಸಂತನಗರದಲ್ಲೂ ಇದೆ. ಕಾಗದದ ಆಮಂತ್ರಣದಲ್ಲಿ ಊರು ಬರೆಯದೆ ಯಾರೂ ಅಚ್ಚು ಹಾಕಿಸುವುದಿಲ್ಲ. ಹಾಗೆಯೇ ಪೊನ್ನಂಪೇಟೆ ಮತ್ತು ಕುಶಾಲನಗರ ಈಗ ಬೇರೆ ತಾಲ್ಲೂಕುಗಳಾಗಿವೆ. ಹಳೆಯ ವಿಳಾಸ ನಕಲು ಮಾಡುವವರು ಇನ್ನೂ ವಿರಾಜಪೇಟೆ, ಸೋಮವಾರಪೇಟೆ ತಾಲ್ಲೂಕು ಎಂದೇ ಬರೆಯುತ್ತಾರೆ. ಗೋಣಿಕೊಪ್ಪ ಎಂದು ಒಂದು ಕಡೆ, ಗೋಣಿಕೊಪ್ಪಲು ಎಂದು ಇನ್ನೊಂದು ಕಡೆ. ಇಂಗ್ಲಿಷ್ ಅಕ್ಷರಗಳಿಗೆ ಹೋದರೆ ವಿರಾಜಪೇಟೆಗೇ ಮೂರು ಬಗೆಯ ಕಾಗುಣಿತ. ಆದರೆ ಬಸ್ಸಿನ ಬೋರ್ಡು ಕನ್ನಡದಲ್ಲಿದೆ, ದಾರಿ ಕೇಳಿದರೆ ಹೇಳುವವರೂ ಕನ್ನಡದಲ್ಲೇ ಹೇಳುತ್ತಾರೆ. ಊರಿನ ಹೆಸರನ್ನು ಕನ್ನಡದಲ್ಲೂ ಬರೆಯಲು ನಿಮಗೆ ಎಷ್ಟು ಖರ್ಚು? ಬರೀ 'ಕೂರ್ಗ್' ಎಂದು ಹಾಕುವವರಿಗೆ ಕೈಮುಗಿಯುತ್ತೇನೆ. ಈ ಜಿಲ್ಲೆ 4,102 ಚದರ ಕಿಲೋಮೀಟರ್ ಇದೆ. ಸಂಪಾಜೆಯೂ ಇದರಲ್ಲೇ, ಕುಟ್ಟವೂ ಇದರಲ್ಲೇ.

ಸಂಘಟಕರಿಗೂ ಒಂದು ಮಾತು. ವಿಳಾಸವನ್ನು ಬಣ್ಣದ ಪೋಸ್ಟರಿನೊಳಗೆ ಚಿತ್ರವಾಗಿ ಹಾಕುತ್ತೀರಿ. ಅದನ್ನು ಬೆರಳಿನಿಂದ ಒತ್ತಿ ನಕಲು ಮಾಡಲಾಗದು, ಕಣ್ಣು ಮಂಜಾದ ನನ್ನಂಥವರು ದೊಡ್ಡದು ಮಾಡಿದರೆ ಅಕ್ಷರ ಒಡೆಯುತ್ತದೆ, ಕಣ್ಣಿಲ್ಲದವರ ಫೋನು ಅದನ್ನು ಓದಿ ಹೇಳುವುದೇ ಇಲ್ಲ. ಪುಟದೊಳಗೆ ಅಲುಗಾಡುವ ನಕ್ಷೆಯೊಂದೇ ಇದ್ದರೂ ಸಾಲದು. ಬೆಂಗಳೂರಿನ ಕಚೇರಿಯಲ್ಲಿ ಅದು ಕ್ಷಣದಲ್ಲಿ ತೆರೆದುಕೊಳ್ಳುತ್ತದೆ. ಇಲ್ಲಿ ಆಷಾಢದ ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಟವರಿನ ಬ್ಯಾಟರಿ ಮುಗಿಯುವವರೆಗೆ ನೆಟ್‌ವರ್ಕು, ಆಮೇಲೆ ಆ ಜಾಗದಲ್ಲಿ ಬೂದು ಬಣ್ಣದ ಚೌಕ. ಬಿಸಿಲುಗಾಲದಲ್ಲೂ ಎಷ್ಟೋ ತಿರುವುಗಳಲ್ಲಿ ಸಿಗ್ನಲ್ ಇಲ್ಲ. ದಾರಿ ನಿಜವಾಗಿ ಬೇಕಾಗುವುದು ಆ ಕೊನೆಯ ಐದು ಕಿಲೋಮೀಟರಿನಲ್ಲಿ, ನಕ್ಷೆ ಕೈಕೊಡುವುದೂ ಅಲ್ಲೇ.

ಸ್ಥಳ ಬದಲಾದಾಗ ಆಗುವ ಅವಾಂತರ ಇನ್ನೊಂದು. ಮಳೆ ಬಂತೆಂದು ಮೈದಾನದ ಕಾರ್ಯಕ್ರಮವನ್ನು ಸಭಾಂಗಣಕ್ಕೆ ಸಾಗಿಸುತ್ತೀರಿ. ಮೇಲಿನ ಸಾಲಿನಲ್ಲಿ ಹೊಸ ಸ್ಥಳ ಬರುತ್ತದೆ, ಕೆಳಗಿನ ನಕ್ಷೆ ಹಳೆಯ ಮೈದಾನದಲ್ಲೇ ನೆನೆಯುತ್ತಿರುತ್ತದೆ. ವರ್ಷ ವರ್ಷ ನಡೆಯುವ ಕಾರ್ಯಕ್ರಮಗಳದ್ದೂ ಇದೇ ಕತೆ. ನಮ್ಮ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನೇ ನೋಡಿ. 1997ರಲ್ಲಿ ಕರಡದಲ್ಲಿ ಶುರುವಾದದ್ದು, ಪ್ರತಿವರ್ಷ ಒಂದೊಂದು ಕುಟುಂಬ ಹೊಣೆ ಹೊರುತ್ತದೆ, ಅದಕ್ಕೆ ತಕ್ಕಂತೆ ಊರೂ ಬದಲಾಗುತ್ತದೆ. 2024ರಲ್ಲಿ ನಾಪೋಕ್ಲು, 2025ರಲ್ಲಿ ಮಡಿಕೇರಿ. ಇಂಥ ಕಾರ್ಯಕ್ರಮಕ್ಕೆ ಯಾರಾದರೂ ಹೋದ ವರ್ಷದ ಪುಟವನ್ನೇ ದಿನಾಂಕ ಮಾತ್ರ ತಿದ್ದಿ ಮತ್ತೆ ಹಾಕಿದರೆ ಜನ ಎಲ್ಲಿಗೆ ಹೋಗಬೇಕು?

ಆದ್ದರಿಂದ ನನ್ನ ಕೋರಿಕೆಗಳು. ಮೊದಲನೆಯದಾಗಿ, ಗುರುತು ಇಡುವ ಕೆಲಸವನ್ನು ಯಂತ್ರದ ಊಹೆಗೆ ಬಿಡಬೇಡಿ. ಸಂಘಟಕರು ಗೇಟಿನ ಮುಂದೆ ನಿಂತು, ಫೋನಿನಲ್ಲಿ ಆ ಜಾಗವನ್ನು ಹಿಡಿದು, ಅದನ್ನೇ ಪುಟಕ್ಕೆ ಕೊಡುವಂತೆ ಮಾಡಿ. ಗೇಟು ಎಂದು ಒತ್ತಿ ಹೇಳುತ್ತೇನೆ, ಬಂಗಲೆಯ ಮಾಡಿನ ಮೇಲಲ್ಲ, ಏಕೆಂದರೆ ಬಂಗಲೆಗೆ ಹತ್ತಿರವೆಂದು ಫೋನು ತೋಟದ ಹಿಂಬದಿಯ ಬೇಲಿಗೂ ಕರೆದೊಯ್ಯಬಲ್ಲದು. ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದ ನಂತರ ಐದು ಅಂಕಿಗಳವರೆಗೆ ಪುಟದ ಬರಹದಲ್ಲೇ ಮುದ್ರಿಸಿ. ಐದು ಅಂಕಿ ಇದ್ದರೆ ವ್ಯತ್ಯಾಸ ಒಂದು ಮೀಟರಿನ ಆಸುಪಾಸು, ಎರಡಕ್ಕೇ ನಿಲ್ಲಿಸಿದರೆ ಒಂದು ಕಿಲೋಮೀಟರು. ಅದನ್ನು ಒತ್ತಿದರೆ ಅವರವರ ಫೋನಿನ ನಕ್ಷೆ ತೆರೆಯುವಂತಿರಲಿ. ಗೇಟಿನಲ್ಲಿ ನಿಂತು ಇಟ್ಟ ಗುರುತು ಸಿಕ್ಕಿಲ್ಲವೇ, ಹಾಗಾದರೆ ಆ ಜಾಗದಲ್ಲಿ ಗುರುತೇ ಬೇಡ, 'ಸ್ಥಳ ಅಂದಾಜು ಮಾತ್ರ, ಸಂಘಟಕರನ್ನು ಕೇಳಿ' ಎಂದು ಬರೆಯಿರಿ. ನಾಚಿಕೆಪಡುವ ವಿಷಯವೇನಲ್ಲ. ಪತ್ತೆಯಾಗದ ಕಾಗದವನ್ನು ನಾವು ಸಿಕ್ಕಿದ ಮನೆಗೆ ಕೊಡುತ್ತಿರಲಿಲ್ಲ, ವಿಳಾಸದಾರರು ಸಿಗಲಿಲ್ಲ ಎಂದು ಬರೆದು ಹಿಂದಿರುಗಿಸುತ್ತಿದ್ದೆವು.

ಎರಡನೆಯದು ದಾರಿಯ ಮಾತು. ವಿಳಾಸದ ಕೆಳಗೆ ನಾಲ್ಕು ಸಾಲು ಜಾಗ ಬಿಡಿ, ಅದನ್ನು ತುಂಬದೆ ಪುಟ ಪ್ರಕಟವಾಗದಂತೆ ಮಾಡಿ. ಬೀದಿಯನ್ನು ಕಡ್ಡಾಯ ಮಾಡಿದವರಿಗೆ ಇದು ಕಷ್ಟವಲ್ಲ. ಯಾವ ಜಂಕ್ಷನ್ನಿನಿಂದ ಯಾವ ಕಡೆಗೆ, ಎಷ್ಟು ಕಿಲೋಮೀಟರು, ಕಣ್ಣಿಗೆ ಬೀಳುವಂಥದ್ದು ಏನು, ಸಣ್ಣ ಕಾರು ಹೋಗುತ್ತದೆಯೇ, ಜೀಪೇ ಬೇಕೇ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಕತ್ತಲಾಗುವ ಮೊದಲೇ ತಲುಪಬೇಕಾದ ಜಾಗವೇ. ತಿತಿಮತಿ, ಮಾಲ್ದಾರೆ, ಸಿದ್ದಾಪುರದ ಸುತ್ತ ಸಂಜೆಯ ಮೇಲೆ ಆನೆ ರಸ್ತೆಗೆ ಬರುವುದು ಇಲ್ಲಿನ ಮಕ್ಕಳಿಗೂ ಗೊತ್ತು, ಬೆಂಗಳೂರಿನಿಂದ ಬರುವವರಿಗೆ ಗೊತ್ತಿಲ್ಲ. ನಾಗರಹೊಳೆ ಕಾಡಿನೊಳಗಿನ ರಸ್ತೆಯ ಗೇಟು ಸಂಜೆ ಮುಚ್ಚುತ್ತದೆ ಎಂಬುದೂ ಅವರಿಗೆ ಗೇಟಿನ ಮುಂದೆಯೇ ತಿಳಿಯುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ ಸಂಪಾಜೆ ನಡುವಿನ ಹೆದ್ದಾರಿಯೇ ವಾರಗಟ್ಟಲೆ ಬಂದ್ ಆಗಿತ್ತು. ಮಳೆಗಾಲದಲ್ಲಿ ಕಾರ್ಯಕ್ರಮ ಇಟ್ಟವರು ಹಿಂದಿನ ದಿನ ರಸ್ತೆಯ ಸ್ಥಿತಿ ನೋಡಿ ಒಂದು ಸಾಲು ಹಾಕಲೇಬೇಕು.

ಜೊತೆಗೆ ಆ ದಿನ ಸ್ಥಳದಲ್ಲೇ ಇರುವ ಒಬ್ಬರ ಫೋನ್ ನಂಬರ್ ಕೊಡಿ. ಈಗ ಕೊಡುವ ನಂಬರಿಗೆ ಮಾಡಿದರೆ ಎಲ್ಲೋ ದೂರದ ಊರಿನ ಹುಡುಗಿ ಎತ್ತಿಕೊಂಡು ಬಹಳ ಮರ್ಯಾದೆಯಿಂದ 'ನೀವು ಯಾವ ಏರಿಯಾದಲ್ಲಿದ್ದೀರಿ ಸರ್?' ಎಂದು ನಮ್ಮನ್ನೇ ಕೇಳುತ್ತಾಳೆ. ಸ್ಥಳದ ವಿವರ ಒಂದೇ ಕಡೆ ಬರೆಯುವಂತಿರಲಿ, ಅಲ್ಲಿ ತಿದ್ದಿದರೆ ನಕ್ಷೆ, ಟಿಕೆಟ್, ಸಂದೇಶ ಎಲ್ಲದರಲ್ಲೂ ತಿದ್ದುಪಡಿಯಾಗಲಿ, ಕೊನೆಯ ಸಲ ಯಾವಾಗ ಪರಿಶೀಲಿಸಿದ್ದು ಎಂಬ ದಿನಾಂಕ ಕಾಣಲಿ. ಟಿಕೆಟ್ಟಿನ ಜೊತೆ ಕಳಿಸುವ ಸಂದೇಶದಲ್ಲೇ ದಾರಿಯ ಆ ನಾಲ್ಕು ಸಾಲು ಸೇರಿಸಿದರೆ ನೆಟ್‌ವರ್ಕ್ ಇಲ್ಲದಿದ್ದರೂ ಓದಿಕೊಳ್ಳಬಹುದು.

ಮನೆಯಲ್ಲಿ, ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ನಡೆಯುವ ಕಾರ್ಯಕ್ರಮಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅಲ್ಲಿನ ಗೇಟಿನ ಗುರುತನ್ನು ಲೋಕಕ್ಕೆಲ್ಲ ಸಾರಬೇಡಿ. ಕಾರ್ಯಕ್ರಮ ಮುಗಿದ ಎಷ್ಟೋ ತಿಂಗಳ ಮೇಲೂ ಪ್ರವಾಸಿಗಳು ಬಂದು ಗೇಟು ತಳ್ಳಿ ಫೋಟೊ ತೆಗೆಯುವುದನ್ನು ಆ ಮನೆಯವರು ಸಹಿಸಬೇಕಾಗುತ್ತದೆ. ಪುಟದಲ್ಲಿ ಊರು ಮತ್ತು ಜಂಕ್ಷನ್ ಸಾಕು, ಉಳಿದದ್ದು ಹೆಸರು ನೋಂದಾಯಿಸಿದವರಿಗೆ ಮಾತ್ರ ಹೋಗಲಿ, ಮುಗಿದ ಮೇಲೆ ತೆಗೆದುಹಾಕಿ.

ನಮ್ಮ ಇಲಾಖೆಯ ಬಗ್ಗೆ ಸ್ವಲ್ಪ ಅಭಿಮಾನದಿಂದಲೇ ಹೇಳಿಕೊಳ್ಳುತ್ತೇನೆ. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಎಂಬುದನ್ನು ತಂದಿದೆ. ಇಡೀ ದೇಶವನ್ನು ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಹತ್ತು ಅಕ್ಷರ ಅಂಕಿಗಳ ಸಂಕೇತ ಕೊಟ್ಟಿದೆ. ಬೀದಿ ಬೇಡ, ಮನೆ ನಂಬರ್ ಬೇಡ, ಕಾಫಿ ಗಿಡದ ಬುಡಕ್ಕೂ ಒಂದು ಸಂಕೇತ ಸಿಗುತ್ತದೆ. ನಮ್ಮಂಥ ಜಿಲ್ಲೆಗೆ ಹೇಳಿ ಮಾಡಿಸಿದ್ದು. ಅದನ್ನು ಬರೆಯಲು ಒಂದು ಅಂಕಣ ಇಡಿ. ಜಿಲ್ಲಾಡಳಿತ ಮತ್ತು ಪ್ರವಾಸೋದ್ಯಮ ಇಲಾಖೆಯವರಲ್ಲೂ ಒಂದು ಅರಿಕೆ. ಸಾರ್ವಜನಿಕ ಮೈದಾನ, ಸಭಾಂಗಣ, ಸಮುದಾಯ ಭವನಗಳ ಗೇಟಿನ ಗುರುತನ್ನು ಒಮ್ಮೆ ಸರಿಯಾಗಿ ಅಳೆದು, ಹೆಸರನ್ನು ಕನ್ನಡ ಮತ್ತು ಇಂಗ್ಲಿಷಿನಲ್ಲಿ ಒಂದೇ ಕಾಗುಣಿತದಲ್ಲಿ ಪ್ರಕಟಿಸಿದರೆ, ಎಲ್ಲರೂ ಅದನ್ನೇ ಬಳಸಿಕೊಳ್ಳಬಹುದು. ಕೊಡಗಿಗೆ ರೈಲಿಲ್ಲ. ಬರುವವರೆಲ್ಲ ರಸ್ತೆಯಲ್ಲೇ ಬರಬೇಕು.

ಈ ಪತ್ರ ಬರೆಯುವ ಮೊದಲು ನಿಮ್ಮಲ್ಲೊಬ್ಬರ ಪುಟವನ್ನು ಮತ್ತೆ ನೋಡಿದೆ. ಮುಂದಿನ ತಿಂಗಳು ಒಂದು ಶನಿವಾರ ಅದೇ ತೋಟದಲ್ಲಿ ಇನ್ನೊಂದು ಸಂಗೀತ ಸಂಜೆಯಿದೆ. ಗುರುತು ಈಗಲೂ ನಮ್ಮ ಅಂಗಡಿ ಬಾಗಿಲಲ್ಲೇ ಇದೆ. ಉಳಿದದ್ದೆಲ್ಲ ನಿಧಾನವಾಗಿ ಆಗಲಿ, ಇದನ್ನಾದರೂ ಈ ವಾರ ತಿದ್ದಿ. ಬರೆದುಕೊಳ್ಳಿ: ಜಂಕ್ಷನ್ನಿನಲ್ಲಿ ತಂಗುದಾಣವನ್ನು ಬಲಕ್ಕೆ ಬಿಟ್ಟು ಎಡ ರಸ್ತೆ, ನಾಲ್ಕು ಕಿಲೋಮೀಟರು, ಎರಡನೇ ಸೇತುವೆ ದಾಟಿದ ಮೇಲೆ ಬಲಗಡೆ ಹಸಿರು ಬಣ್ಣದ ಕಬ್ಬಿಣದ ಗೇಟು, ಗೇಟಿನ ಪಕ್ಕ ಒಂಟಿ ಹಲಸಿನ ಮರ. ಆರು ಗಂಟೆಯ ಒಳಗೆ ತಲುಪುವುದು ಒಳ್ಳೆಯದು. ಆ ಶನಿವಾರ ರಾತ್ರಿ ಹತ್ತರವರೆಗೆ ನಾನು ಅಂಗಡಿ ತೆರೆದಿಟ್ಟಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಾಖಾ ಪೋಸ್ಟ್‌ಮಾಸ್ಟರ್,
ವಿರಾಜಪೇಟೆ ತಾಲ್ಲೂಕು, ಕೊಡಗು